ಉಕ್ಕಿನ ಮರ, ತೆಂಬುಸು ಮರ

ಸಿಂಗಪುರದ ಡೌನ್‌ಟೌನ್ ಮೆಟ್ರೊ ಮಾರ್ಗದಲ್ಲಿ ಬೊಟಾನಿಕ್ ಗಾರ್ಡನ್ಸ್ ಎಂಬ ನಿಲ್ದಾಣವಿದೆ. ಅಲ್ಲಿ ಮೇಲೆ ಹತ್ತಿ ಬಂದರೆ 1859ರಲ್ಲಿ ಆರಂಭವಾದ ಸಸ್ಯೋದ್ಯಾನದ ಬಾಗಿಲು. ಅದೇ ರೈಲಿನಲ್ಲಿ ಮುಂದುವರಿದು ಬೇಫ್ರಂಟ್‌ನಲ್ಲಿ ಇಳಿದರೆ 2012ರ ಜೂನ್‌ನಲ್ಲಿ ಜನರಿಗೆ ತೆರೆದ ಗಾರ್ಡನ್ಸ್ ಬೈ ದ ಬೇ. ಅರ್ಧ ಗಂಟೆಯೂ ಹಿಡಿಯದ ದಾರಿ. ಎರಡು ತೋಟಗಳ ನಡುವೆ ಒಂದೂವರೆ ಶತಮಾನದ ಅಂತರ. ನಗರದೊಳಗೆ ಹೊಸ ಸಸ್ಯೋದ್ಯಾನ ಕಟ್ಟಬೇಕೆಂದು ಹೊರಟವರೆಲ್ಲ ಮಾಡಲೇಬೇಕಾದ ಪ್ರಯಾಣ ಇದು ಎಂದು ನನಗನ್ನಿಸುತ್ತದೆ. ಹೊಸ ತೋಟದ ಮಾತು ಬಂದಾಗಲೆಲ್ಲ ಚರ್ಚೆ ಜಾಗ, ಹಣ, ಅಪರೂಪದ ಗಿಡ ಇವುಗಳ ಸುತ್ತಲೇ ನಡೆಯುತ್ತದೆ. ಜಾಗವನ್ನು ಸರ್ಕಾರ ಕೊಡಬಲ್ಲದು, ಹಣ ಹೊಂದಿಸಬಹುದು, ಗಿಡ ಹಡಗಿನಲ್ಲಿ ಬರುತ್ತದೆ. ಯಾರೂ ತಂದುಕೊಡಲಾಗದ್ದು ಕಾಲ. ಉದ್ಘಾಟನೆಯ ದಿನ ಹೊಸ ತೋಟದಲ್ಲಿ ಮರ ಇರುವುದಿಲ್ಲ, ಮರವಾಗಬಹುದಾದ ಸಸಿ ಇರುತ್ತದೆ. ಆ ಸಸಿ ಮರವಾಗುವವರೆಗಿನ ಮೂವತ್ತು, ನಲವತ್ತು ವರ್ಷಗಳನ್ನು ಏನಿಟ್ಟು ತುಂಬಿಸುತ್ತೀರಿ ಎಂಬುದೇ ವಿನ್ಯಾಸಕಾರನ ಎದುರಿನ ನಿಜವಾದ ಪ್ರಶ್ನೆ. ಸಿಂಗಪುರದ ಹೊಸ ತೋಟ ಕಾಲಕ್ಕೆ ಅನುವು ಮಾಡಿಕೊಟ್ಟ ಕಡೆಯೆಲ್ಲ ಗೆದ್ದಿದೆ, ಕಾಲದ ಜಾಗವನ್ನು ತಾನೇ ಆಕ್ರಮಿಸಿದ ಕಡೆ ಸೋತಿದೆ ಎಂಬುದು ನನ್ನ ವಾದ.

ಹಳೆಯ ತೋಟದಿಂದಲೇ ಹೊರಡೋಣ. ಟ್ಯಾಂಗ್ಲಿನ್ ಬಾಗಿಲ ಕಡೆಯ ಹುಲ್ಲುಹಾಸಿನಲ್ಲಿ ಒಂದು ತೆಂಬುಸು ಮರವಿದೆ. ತೋಟ ಹುಟ್ಟುವ ಮೊದಲೇ ಅದು ಅಲ್ಲಿತ್ತೆಂದು ನಂಬಲಾಗಿದೆ. ಕೆಳಗಿನ ಒಂದು ದಪ್ಪ ಕೊಂಬೆ ನೆಲಕ್ಕೆ ಸಮನಾಗಿ ಚಾಚಿಕೊಂಡಿದೆ. ತಲೆಮಾರುಗಳ ಕಾಲ ಮಕ್ಕಳು ಹತ್ತಿ ಕೂತು ಫೋಟೊ ತೆಗೆಸಿಕೊಂಡ ಕೊಂಬೆ ಅದು; ಈಗ ಸುತ್ತ ಬೇಲಿ ಹಾಕಿ ಕಾಪಾಡುತ್ತಿದ್ದಾರೆ. ಸಿಂಗಪುರದ ಐದು ಡಾಲರ್ ನೋಟಿನ ಮೇಲಿರುವುದೂ ಇದೇ ಮರ. ಸ್ವಲ್ಪ ದೂರದಲ್ಲಿ 1866ರಲ್ಲಿ ತೋಡಿದ ಹಂಸಗಳ ಕೊಳ. ಇನ್ನೊಂದು ದಿಕ್ಕಿಗೆ, ಸುತ್ತ ನಗರ ಬೆಳೆಯುತ್ತಿದ್ದಾಗ ಕಡಿಯದೆ ಉಳಿಸಿಕೊಂಡ ಸುಮಾರು ಆರು ಹೆಕ್ಟೇರಿನ ಮಳೆಕಾಡು. ಲಾರೆನ್ಸ್ ನಿವೆನ್ ಎಂಬ ಮೇಲ್ವಿಚಾರಕ ಆ ಕಾಲದ ಇಂಗ್ಲಿಷ್ ಮಾದರಿಯಲ್ಲಿ ಬಳುಕುವ ದಾರಿಗಳನ್ನೂ ಏರಿಳಿತದ ಹುಲ್ಲುಗಾವಲನ್ನೂ ರೂಪಿಸಿದ. ಆ ರೇಖೆಗಳು ಇಂದಿಗೂ ಹೆಚ್ಚು ಬದಲಾಗಿಲ್ಲ. 2015ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಆದರೆ ಅಲ್ಲಿ ನಡೆಯುವವರಿಗೆ ನಿವೆನ್‌ನ ಕೈ ಕಾಣಿಸುವುದು ಕಡಿಮೆ. ಅವನು ಬಿಟ್ಟ ತೆರಪನ್ನು ಮರಗಳು ತಮಗೆ ಬೇಕಾದಂತೆ ತುಂಬಿಕೊಂಡಿವೆ. ವಿನ್ಯಾಸ ಹಿಂದಕ್ಕೆ ಸರಿದು ಮರಗಳು ಮುಂದಕ್ಕೆ ಬಂದಿರುವುದರಿಂದಲೇ ಆ ತೋಟಕ್ಕೆ ಅಷ್ಟೊಂದು ನೆಮ್ಮದಿಯಿದೆ.

ಈ ನೆಮ್ಮದಿ ತಾನಾಗಿ ಬಂದದ್ದಲ್ಲ. 1859ರ ತೋಟ ಸಿಂಗಪುರದ ಮೊದಲ ಪ್ರಯತ್ನವೇ ಅಲ್ಲ. ಕಲ್ಕತ್ತದ ಸಸ್ಯೋದ್ಯಾನದಲ್ಲಿದ್ದ ನಥಾನಿಯೆಲ್ ವಾಲಿಚ್‌ನ ಸಲಹೆಯ ಮೇರೆಗೆ ಬ್ರಿಟಿಷ್ ಆಡಳಿತಗಾರ ಸ್ಟ್ಯಾಂಫರ್ಡ್ ರಾಫಲ್ಸ್ 1822ರಲ್ಲೇ ಈಗಿನ ಫೋರ್ಟ್ ಕ್ಯಾನಿಂಗ್ ಗುಡ್ಡದಲ್ಲಿ ಒಂದು ತೋಟ ಮಾಡಿಸಿದ್ದ. ಸಾಂಬಾರ ಬೆಳೆಗಳನ್ನು ಪರೀಕ್ಷಿಸಿ ನೋಡುವುದು ಉದ್ದೇಶ. ರಾಫಲ್ಸ್ ಊರು ಬಿಟ್ಟ ಮೇಲೆ ಹಣ ಕೊಡುವವರಿಲ್ಲದೆ 1829ರಲ್ಲಿ ಅದು ಮುಚ್ಚಿತು. 1836ರಲ್ಲಿ ಅದೇ ಗುಡ್ಡದಲ್ಲಿ ಒಂದು ಸಂಘ ಮತ್ತೆ ಕೈಹಾಕಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೂ ಮುಗಿಯಿತು. ಮೂರನೆಯದು ಈಗಿನದು. ಅದನ್ನೂ ಶುರುಮಾಡಿದ್ದು ಒಂದು ಕೃಷಿ ಮತ್ತು ತೋಟಗಾರಿಕೆ ಸಂಘವೇ. ಅದರ ಕೈಯಲ್ಲೂ ಹಣ ನಿಲ್ಲದಾದಾಗ 1874ರಲ್ಲಿ ಸರ್ಕಾರ ವಹಿಸಿಕೊಂಡಿತು. ಮೊದಲ ಎರಡು ತೋಟಗಳಿಗೂ ಜಾಗವಿತ್ತು, ಗಿಡವಿತ್ತು, ಒಳ್ಳೆಯ ಉದ್ದೇಶವಿತ್ತು. ಪ್ರತಿವರ್ಷ ತಪ್ಪದೆ ಸಂಬಳ ಕೊಟ್ಟು ಮಾಲಿಗಳನ್ನು ಇಟ್ಟುಕೊಳ್ಳುವ ಏರ್ಪಾಟು ಮಾತ್ರ ಇರಲಿಲ್ಲ. ಮೂರನೆಯದಕ್ಕೆ ಅದು ಸಿಕ್ಕಿತು, ಅದಕ್ಕೇ ಉಳಿಯಿತು. ಅದರ ಫಲ ಎಷ್ಟು ತಡವಾಗಿ ಕೈಗೆ ಬಂತು ಎಂಬುದಕ್ಕೆ ರಬ್ಬರ್ ಸಾಕ್ಷಿ. 1877ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ರಬ್ಬರ್ ಸಸಿಗಳು ಇಲ್ಲಿಗೆ ಬಂದವು. 1888ರಲ್ಲಿ ನಿರ್ದೇಶಕನಾಗಿ ಬಂದ ಹೆನ್ರಿ ರಿಡ್ಲಿ, ಮರ ಸಾಯದಂತೆ ತೊಗಟೆ ಕೊಯ್ದು ಹಾಲು ಇಳಿಸುವ ವಿಧಾನವನ್ನು ಇಲ್ಲೇ ಪ್ರಯೋಗ ಮಾಡಿ ಕಂಡುಕೊಂಡ, ಬೆಳೆಗಾರರ ಬೆನ್ನುಹತ್ತಿ ಬೀಜ ಹಂಚಿದ. ಮಲಯದ ತೋಟಗಾರರು ಗುಂಪುಗುಂಪಾಗಿ ರಬ್ಬರಿಗೆ ತಿರುಗಿದ್ದು ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ. ಅಷ್ಟು ವರ್ಷ ಆ ಸಸಿಗಳನ್ನು ಯಾರೋ ನೋಡಿಕೊಂಡಿದ್ದರು. ಸಸ್ಯೋದ್ಯಾನಕ್ಕೆ ಮೊದಲು ಬೇಕಾದ ಸಲಕರಣೆ ಯಾವುದು ಎಂದು ಕೇಳಿದರೆ ನಾನು ಮಾಲಿಯ ಕಾಯಂ ನೌಕರಿಯನ್ನೇ ಹೆಸರಿಸುತ್ತೇನೆ.

ಈಗ ಬೇಫ್ರಂಟ್‌ಗೆ ಬನ್ನಿ. ಇಲ್ಲಿ ನೆಲವೇ ಹೊಸದು. ಮರೀನಾ ಸೌತ್ ಎಂಬ ಈ ಭಾಗ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಪಡೆದ ಭೂಮಿ. ಎಲೆ ಕೊಳೆತು ಕಪ್ಪಾದ ಮಣ್ಣಿಲ್ಲ, ಹಳೆಯ ಬೇರಿಲ್ಲ, ನೆರಳಿಲ್ಲ. ಒಟ್ಟು 101 ಹೆಕ್ಟೇರಿನ ಯೋಜನೆಗೆ 2006ರಲ್ಲಿ ಅಂತರರಾಷ್ಟ್ರೀಯ ವಿನ್ಯಾಸ ಸ್ಪರ್ಧೆ ನಡೆಯಿತು. ಬೇ ಸೌತ್ ಎಂದು ಕರೆಯುವ 54 ಹೆಕ್ಟೇರಿನ ಮುಖ್ಯ ಭಾಗ ಬ್ರಿಟನ್ನಿನ ಗ್ರಾಂಟ್ ಅಸೋಸಿಯೇಟ್ಸ್ ತಂಡಕ್ಕೆ ಸಿಕ್ಕಿತು. ಗಾಜಿನ ಮನೆಗಳ ವಾಸ್ತುಶಿಲ್ಪ ವಿಲ್ಕಿನ್ಸನ್ ಐರ್ ಸಂಸ್ಥೆಯದು. ಬರೀ ಬಯಲಿನಲ್ಲಿ, ಬಿಸಿಲು ನೆತ್ತಿ ಸುಡುವ ಊರಿನಲ್ಲಿ, ಎದುರಿಗೆ ಮುಗಿಲೆತ್ತರದ ಕಟ್ಟಡಗಳ ಸಾಲು ಇರುವಾಗ, ಸಸಿಗಳನ್ನು ನೆಟ್ಟು ಜನರನ್ನು ಕರೆದರೆ ಯಾರು ಬರುತ್ತಾರೆ? ಬಂದರೂ ಎಲ್ಲಿ ನಿಲ್ಲುತ್ತಾರೆ? ಇದಕ್ಕೆ ಅವರು ಕಂಡುಕೊಂಡ ಉತ್ತರ ಸೂಪರ್‌ಟ್ರೀ: ಕಾಂಕ್ರೀಟಿನ ತಿರುಳು, ಅದರ ಸುತ್ತ ಉಕ್ಕಿನ ಹಂದರ, ಹಂದರಕ್ಕೆ ಗಿಡ ನೆಡುವ ಹಲಗೆಗಳು, ತುದಿಯಲ್ಲಿ ತಲೆಕೆಳಗಾದ ಕೊಡೆಯಂತೆ ಅರಳಿದ ಕಂಬಿಗಳು. ಇಂಥವು 18. ಎತ್ತರ 25ರಿಂದ 50 ಮೀಟರ್. ಮೈತುಂಬ ಜರೀಗಿಡ, ಸೀತಾಳೆ, ಬ್ರೊಮೀಲಿಯಾಡ್, ಬಳ್ಳಿಗಳು.

ಇದು ಮೋಸ, ಗಿಡದ ತೋಟದಲ್ಲಿ ಉಕ್ಕಿನ ಮರ ನಿಲ್ಲಿಸುವುದು ಗಿಡಕ್ಕೇ ಅವಮಾನ ಎಂಬ ಆಕ್ಷೇಪ ಸಹಜ. ನಾನು ಅದನ್ನು ಪೂರ್ತಿ ಒಪ್ಪಲಾರೆ. ಸೀತಾಳೆಯಂಥ ಗಿಡಕ್ಕೆ ಕಾಡಿನಲ್ಲೂ ಬೇಕಾದದ್ದು ಬೆಳಕಿಗೆ ಎತ್ತಿ ಹಿಡಿಯುವ ಆಸರೆಯೇ ಹೊರತು ಮರದ ರಸವಲ್ಲ. ಆಸರೆಯನ್ನು ಉಕ್ಕು ಕೊಟ್ಟರೂ ಅದು ಬದುಕುತ್ತದೆ. ಮೇಲಾಗಿ ಈ ಕಂಬಗಳು ಮರದ ತೊಗಟೆಯ ಬಣ್ಣ ಬಳಿದುಕೊಂಡು ಮರವೆಂದು ನಂಬಿಸಲು ಹೋಗುವುದಿಲ್ಲ. ನೇರಳೆ, ಕೆಂಪು ಬಣ್ಣದ ಕಂಬಿಗಳಾಗಿಯೇ ಕಾಣುತ್ತವೆ. ಕೆಲವು ತಲೆಯ ಮೇಲೆ ಸೌರಫಲಕ ಹೊತ್ತಿವೆ, ಕೆಲವು ಗಾಜಿನ ಮನೆಗಳ ಯಂತ್ರಗಳಿಂದ ಹೊರಡುವ ಬಿಸಿಗಾಳಿಗೆ ಚಿಮಣಿಯಾಗಿವೆ. ಸಿಂಗಪುರ ಅವಸರಕ್ಕೆ ಹಿಂದೊಮ್ಮೆ ಬೇರೆ ದಾರಿ ಹಿಡಿದಿತ್ತೆಂಬುದನ್ನೂ ನೆನೆಯಬೇಕು. ಆಗಿನ ಪ್ರಧಾನಿ ಲೀ ಕ್ವಾನ್ ಯೂ 1967ರಲ್ಲಿ ಉದ್ಯಾನನಗರಿಯ ಕನಸನ್ನು ಮುಂದಿಟ್ಟ ಮೇಲೆ ರಸ್ತೆಗಳಿಗೆ ಬೇಗ ನೆರಳು ಬೇಕಾಯಿತು. ಆಗ ನಮ್ಮ ಹೊನ್ನೆ ಮರದ ಬಳಗಕ್ಕೆ ಸೇರಿದ ಆಂಗ್ಸಾನ ಮರದ ಆಳೆತ್ತರ ಮೀರಿದ ಕಾಂಡಗಳನ್ನೇ ಕಡಿದು ನೆಟ್ಟರು. ಅವು ಬೇಗ ಚಿಗುರಿ ತಂಪು ಕೊಟ್ಟವು. ಮುಂದೆ ಬಾಡು ರೋಗ ತಗಲಿ, ಬಿರುಗಾಳಿಗೆ ಕೊಂಬೆ ಮುರಿದು ಎಷ್ಟೋ ಕಡೆ ಅವನ್ನು ತೆಗೆದು ಬೇರೆ ಜಾತಿ ನೆಡಬೇಕಾಯಿತು. ಜೀವಂತ ಮರವನ್ನು ಅವಸರಪಡಿಸುವುದಕ್ಕಿಂತ, ಅವಸರದ ಕೆಲಸವನ್ನು ಉಕ್ಕಿಗೆ ಒಪ್ಪಿಸಿ ಮರಕ್ಕೆ ಬೇಕಾದಷ್ಟು ಸಮಯ ಕೊಡುವುದು ಹೆಚ್ಚು ಪ್ರಾಮಾಣಿಕ.

ಕಟ್ಟಡವನ್ನು ಮುಂದಿಟ್ಟು ಜನರನ್ನು ತೋಟಕ್ಕೆ ಕರೆದದ್ದು ಸಿಂಗಪುರವೇ ಮೊದಲಲ್ಲ. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಾಗ ಹೈದರಾಲಿಯ ತೋಟಕ್ಕೆ ಆಗಲೇ ನೂರಕ್ಕೂ ಹೆಚ್ಚು ವರ್ಷ. ಆ ತೋಟದಲ್ಲಿ ಜಾನ್ ಕ್ಯಾಮರಾನ್ ಆಡಳಿತದ ಕಾಲ ಅದು. ಕಬ್ಬಿಣ ಮತ್ತು ಗಾಜಿನ ಆ ಕಟ್ಟಡ ಗಿಡ ಬೆಳೆಸುವುದಕ್ಕಾಗಿ ಎದ್ದದ್ದಲ್ಲ, ಫಲಪುಷ್ಪ ಪ್ರದರ್ಶನಕ್ಕೆ ಎದ್ದದ್ದು. ಅದರ ಮೂಲ ಕಲ್ಪನೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನದು. ಇಂದು ಅದು ಹೊರಗಿನಿಂದ ಬಂದದ್ದೆಂದು ಯಾರಿಗೂ ಅನ್ನಿಸುವುದಿಲ್ಲ. ಸುತ್ತ ಬೆಳೆದ ಮರಗಳು ಅದನ್ನು ತಮ್ಮದಾಗಿಸಿಕೊಂಡಿವೆ. ಲಾಲ್‌ಬಾಗನ್ನು ನೋಡಿ ದಾವಣಗೆರೆಯಲ್ಲೂ ಗಾಜಿನ ಮನೆ ಎದ್ದಿದೆ. ಒಂದು ಊರು ಇನ್ನೊಂದು ಊರಿನ ತೋಟದಿಂದ ಬೇಗನೆ ತರಬಹುದಾದದ್ದು ಕಟ್ಟಡವನ್ನಷ್ಟೇ. ಸುತ್ತಲಿನ ಮರಗಳನ್ನು ಆ ಊರೇ ಬೆಳೆಸಿಕೊಳ್ಳಬೇಕು, ಬೆಳೆಸಲು ಜಾಗ ಬಿಟ್ಟಿರಬೇಕು.

ಬೇ ಸೌತಿನ ಗಾಜಿನ ಮನೆಗಳ ಬಗ್ಗೆ ಇನ್ನೂ ಗಟ್ಟಿಯಾದ ಆಕ್ಷೇಪವಿದೆ. ಯುರೋಪಿನವರು ಚಳಿಯಲ್ಲಿ ಉಷ್ಣವಲಯದ ಗಿಡ ಉಳಿಸಲು ಗಾಜಿನ ಮನೆಯನ್ನು ಕಾಯಿಸಿದರು. ಇಲ್ಲಿ ಅದೇ ಗಾಜಿನ ಮನೆಯನ್ನು ತಂಪು ಮಾಡುತ್ತಾರೆ. 1.2 ಹೆಕ್ಟೇರಿನ ಫ್ಲವರ್ ಡೋಮ್‌ನಲ್ಲಿ ಮೆಡಿಟರೇನಿಯನ್ ಮತ್ತು ಒಣ ಹವೆಯ ಆಲಿವ್, ಬಾಟಲಿ ಮರ, ಬಾವೊಬಾಬ್, 0.8 ಹೆಕ್ಟೇರಿನ ಕ್ಲೌಡ್ ಫಾರೆಸ್ಟ್‌ನಲ್ಲಿ 35 ಮೀಟರ್ ಎತ್ತರದ ಕೃತಕ ಬೆಟ್ಟ, ಜಲಪಾತ, ಮಂಜು, ಎತ್ತರದ ಮಲೆಗಳ ಜರೀಗಿಡ, ಹೂಜಿಗಿಡ. ವರ್ಷವಿಡೀ ಸೆಕೆಯಿರುವ ಊರಿನಲ್ಲಿ ಇಂಥ ಮನೆಯನ್ನು ತಂಪಾಗಿಡಲು ಎಷ್ಟು ವಿದ್ಯುತ್ತು ಬೇಕು ಎಂದು ಕೇಳಲೇಬೇಕು. ವಿನ್ಯಾಸಕಾರರೂ ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಬೆಳಕನ್ನು ಒಳಬಿಟ್ಟು ಶಾಖವನ್ನು ಬಹುಪಾಲು ತಡೆಯುವ ಗಾಜು ಹಾಕಿದರು. ತಣ್ಣೀರಿನ ಕೊಳವೆಗಳನ್ನು ನೆಲದಡಿ ಹಾಯಿಸಿ, ಗಿಡವೂ ಮನುಷ್ಯರೂ ಇರುವ ಕೆಳಮಟ್ಟವನ್ನಷ್ಟೇ ತಂಪಾಗಿಟ್ಟರು. ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ. ಊರಿನ ಮರಗಳಿಂದ ಸವರಿದ ಕೊಂಬೆಗಳನ್ನು ಉರಿಸಿ ಉಗಿ, ವಿದ್ಯುತ್ತು ಪಡೆಯುತ್ತಾರೆ. ಉಳಿದ ಶಾಖ ಗಾಳಿಯ ತೇವ ಹೀರುವ ದ್ರಾವಣವನ್ನು ಮತ್ತೆ ಒಣಗಿಸಲು ಬಳಕೆಯಾಗುತ್ತದೆ. ಇಷ್ಟೆಲ್ಲ ಮಾಡುವ ಮೊದಲು ಹಾರ್ಟ್‌ಪಾರ್ಕ್ ಎಂಬಲ್ಲಿ ಚಿಕ್ಕ ಮಾದರಿ ಗಾಜಿನ ಮನೆಗಳನ್ನು ಕಟ್ಟಿ ಗಿಡಗಳು ಹೇಗೆ ಒಗ್ಗುತ್ತವೆಂದು ಪರೀಕ್ಷಿಸಿದರು. ಈ ಪರೀಕ್ಷೆಯ ತಾಳ್ಮೆ ನನಗೆ ಇಡೀ ಯೋಜನೆಯಲ್ಲೇ ಮೆಚ್ಚುಗೆಯಾದ ಸಂಗತಿ.

ಆದರೂ ಎರಡು ಗುಮ್ಮಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾರೆ. ಮೋಡ ಕವಿಯುವ ಮಲೆಕಾಡು ಬಿಸಿಯೇರುತ್ತಿರುವ ಭೂಮಿಯಲ್ಲಿ ಮೊದಲು ಅಳಿಯುವ ಕಾಡುಗಳಲ್ಲೊಂದು. ಬೆಟ್ಟದ ತುದಿಯಲ್ಲಿರುವ ಗಿಡಕ್ಕೆ ಇನ್ನೂ ಮೇಲೆ ಹೋಗಲು ಜಾಗವಿಲ್ಲ. ಮುಳ್ಳಯ್ಯನಗಿರಿಯ, ಕುದುರೆಮುಖದ ಶೋಲಾ ಕಾಡುಗಳನ್ನು ಕಂಡ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಎತ್ತರದ ಬೆಟ್ಟವೇ ಇಲ್ಲದ ಸಿಂಗಪುರದಲ್ಲಿ ಬೆಳೆದ ಮಗುವಿಗೆ ಅಂಥ ಕಾಡೊಂದಿದೆ ಎಂದು ತೋರಿಸಲು ಕ್ಲೌಡ್ ಫಾರೆಸ್ಟ್ ಬಿಟ್ಟರೆ ಹತ್ತಿರದ ದಾರಿಯಿಲ್ಲ. ಹಾಗಾಗಿ ಅದರ ತಂಪಿಗೆ ಒಂದು ನ್ಯಾಯವಿದೆ. ಫ್ಲವರ್ ಡೋಮ್‌ನ ನಡುವೆ ಹಬ್ಬಕ್ಕೊಂದರಂತೆ ಬದಲಾಗುವ ಟ್ಯೂಲಿಪ್, ಚೆರಿ ಹೂಗಳ ಪ್ರದರ್ಶನಕ್ಕೆ ಆ ನ್ಯಾಯ ಸಲ್ಲದು. ಕೆಲವು ವಾರ ಅರಳಿ, ಬಾಡುವ ಮುನ್ನ ತೆಗೆದುಹಾಕುವ ಹೂವು ತೋಟದ ಸಂಗ್ರಹಕ್ಕೆ ಸೇರುವುದಿಲ್ಲ. ಬಾವೊಬಾಬ್ ವಿಷಯವೂ ಇಂಥದೇ. ಆಫ್ರಿಕಾದಿಂದ ಬೆಳೆದ ಮರಗಳನ್ನೇ ಬೇರುಸಮೇತ ತಂದು ಗಾಜಿನಡಿ ನಿಲ್ಲಿಸಿದ್ದಾರೆ. ಅದೇ ಬಾವೊಬಾಬ್ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡಹುಣಸೆ ಎಂಬ ಹೆಸರಿನಿಂದ ಬಯಲಲ್ಲೇ ಶತಮಾನಗಳಿಂದ ಬೆಳೆದಿದೆ. ಯಾರೋ ತಂದು ನೆಟ್ಟದ್ದೇ ಅದೂ. ಆದರೆ ಅದು ಬೇರೂರಿದ್ದು ಅದಕ್ಕೆ ಒಗ್ಗುವ ಮಣ್ಣು, ಒಣ ಹವೆ ಇರುವ ಜಾಗದಲ್ಲಿ; ನೆಟ್ಟವರು ಮುಂದಿನದನ್ನು ಕಾಲಕ್ಕೆ ಬಿಟ್ಟರು.

ಬೇ ಸೌತಿನ ಅತ್ಯುತ್ತಮ ಭಾಗದ ಫೋಟೊ ಹೆಚ್ಚಿನವರು ತೆಗೆಯುವುದಿಲ್ಲ. ತೋಟದ ಅಂಚಿನಲ್ಲಿ ಡ್ರಾಗನ್‌ಫ್ಲೈ, ಕಿಂಗ್‌ಫಿಶರ್ ಎಂಬ ಎರಡು ಕೆರೆಗಳಿವೆ. ತೋಟದಲ್ಲಿ ಬಿದ್ದ ಮಳೆನೀರು ಗೊಬ್ಬರ, ಕೆಸರು ಹೊತ್ತು ಇಲ್ಲಿಗೆ ಬರುತ್ತದೆ. ಜೊಂಡು, ಹುಲ್ಲು, ನೀರುಗಿಡಗಳ ಪಾತಿಗಳ ನಡುವೆ ನಿಧಾನವಾಗಿ ಹರಿದು, ಕೆಸರು ಇಳಿದು, ಸಾರಜನಕ ರಂಜಕಗಳನ್ನು ಗಿಡ ಹೀರಿಕೊಂಡ ಮೇಲೆ ಮರೀನಾ ಜಲಾಶಯ ಸೇರುತ್ತದೆ. 2008ರಲ್ಲಿ ಒಡ್ಡು ಕಟ್ಟಿ ಸಿಹಿನೀರಿಗೆ ತಿರುಗಿಸಿದ ಆ ಜಲಾಶಯ ನಗರದ ಕುಡಿಯುವ ನೀರಿನ ಮೂಲಗಳಲ್ಲೊಂದು. ಜೊಂಡು ಕೆಲವು ತಿಂಗಳಲ್ಲೇ ದಟ್ಟವಾಗುತ್ತದೆ, ವರ್ಷ ಕಳೆದಂತೆ ಕೆರೆಗೆ ಹಕ್ಕಿ, ಏರೋಪ್ಲೇನ್ ಚಿಟ್ಟೆ ತಾವಾಗಿ ಬರುತ್ತವೆ. ಮರ ಬೆಳೆಯುವವರೆಗಿನ ಅವಧಿಯನ್ನು ತುಂಬಲು ಇದಕ್ಕಿಂತ ಹೊಂದುವ ಸಾಧನ ಇನ್ನೊಂದಿಲ್ಲ: ಬೇಗ ಬೆಳೆಯುವ ಗಿಡವೇ ಬೇಗ ಆಗಬೇಕಾದ ಕೆಲಸ ಮಾಡುತ್ತಿದೆ. ಕೆರೆಗಳ ಸರಣಿಯನ್ನೇ ಆಧರಿಸಿ ಬೆಳೆದು, ಈಗ ಅವುಗಳ ನೊರೆ ನೋಡುತ್ತಿರುವ ಬೆಂಗಳೂರಿಗೆ ಈ ಎರಡು ಕೆರೆಗಳಷ್ಟು ಉಪಯುಕ್ತ ಪಾಠ ಆ ತೋಟದಲ್ಲಿ ಬೇರೆ ಇಲ್ಲ.

ತೋಟವನ್ನು ಸಜ್ಜುಗೊಳಿಸುವುದೆಂದರೆ ಗಿಡ, ಕಟ್ಟಡ ಅಷ್ಟೇ ಅಲ್ಲ. ಬೆಂಚು, ನೆರಳಿನ ದಾರಿ, ಕುಡಿಯುವ ನೀರು, ಶೌಚಾಲಯ, ದೀಪ, ಹೆಸರಿನ ಫಲಕ. ನಕ್ಷೆ ಬರೆಯುವವರು ಇವನ್ನು ಕೊನೆಗೆ ಸೇರಿಸುತ್ತಾರೆ, ಬರುವವರಿಗೆ ಇವೇ ಮೊದಲು ಬೇಕಾಗುತ್ತವೆ. ಮೊಮ್ಮಗುವಿನ ಕೈ ಹಿಡಿದು ಬಂದ ಅಜ್ಜಿಗೆ ತೋಟದ ಉದ್ದಗಲ ನಿರ್ಧಾರವಾಗುವುದು ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಎಷ್ಟು ದೂರ, ಆ ಬೆಂಚಿನ ಮೇಲೆ ಮಧ್ಯಾಹ್ನ ನೆರಳಿದೆಯೇ ಎಂಬುದರ ಮೇಲೆ. ಇಲ್ಲೂ ಕಾಲದ ಲೆಕ್ಕ ಬರುತ್ತದೆ. ಹೊಸ ತೋಟದ ಬೆಂಚನ್ನು ಇಂದಿನ ನೆರಳಿಗೆ ಇಡಬೇಕೆ, ಇಪ್ಪತ್ತು ವರ್ಷದ ಮುಂದಿನ ನೆರಳಿಗೆ ಇಡಬೇಕೆ? ನನ್ನ ಉತ್ತರ, ಎರಡಕ್ಕೂ. ಮೊದಲ ವರ್ಷಗಳಿಗೆ ಚಪ್ಪರದ ಕೆಳಗೆ ಎತ್ತಿಡಬಹುದಾದ ಹಗುರ ಬೆಂಚು. ಮುಂದೆ ದೊಡ್ಡದಾಗುವ ಮರದ ಪಕ್ಕ, ಬೇರು ಹರಡಲು ಜಾಗ ಬಿಟ್ಟು ಕಲ್ಲಿನ ಬೆಂಚು. ಮರದ ಬುಡದವರೆಗೂ ಕಾಂಕ್ರೀಟು ಸುರಿದು ಸುತ್ತ ಕಟ್ಟೆ ಕಟ್ಟುವ ನಮ್ಮ ಪಾರ್ಕುಗಳ ಅಭ್ಯಾಸ ಇಂದಿನ ಆಸನಕ್ಕಾಗಿ ನಾಳಿನ ನೆರಳನ್ನು ಕೊಲ್ಲುತ್ತದೆ. ಬೇ ಸೌತ್ ಈ ವಿಷಯದಲ್ಲಿ ಅರ್ಧ ಗೆದ್ದಿದೆ. ಕೆರೆಯಂಚಿನಲ್ಲಿ, ತಾಳೆ ಜಾತಿಗಳ ನಡುವೆ, ಕಾಡಿನ ಕೆಳಹಂತದ ಗಿಡಗಳನ್ನು ತೋರಿಸುವ ಭಾಗದಲ್ಲಿ ನಡೆಯುವುದು ಹಿತವಾಗಿದೆ. ಆದರೆ ನೋಟಕ್ಕೆಂದು ಇಟ್ಟ ದೊಡ್ಡ ಶಿಲ್ಪಗಳು ಬಯಲನ್ನು ಬಯಲಾಗಿಯೇ ಉಳಿಸಿವೆ. ಮಾರ್ಕ್ ಕ್ವಿನ್ ರೂಪಿಸಿದ, ಗಾಳಿಯಲ್ಲಿ ತೇಲಿದಂತೆ ಮಲಗಿರುವ ಬಿಳಿಯ ಮಗು ಸುಂದರವೇ. ಅದನ್ನು ನೋಡಬೇಕಾದವರು ಬಿಸಿಲಲ್ಲಿ ನಿಲ್ಲಬೇಕು.

ಬೇ ಸೌತ್ ಪ್ರವಾಸಿಗರ ಆಕರ್ಷಣೆ, ವಿಜ್ಞಾನದ ಸಸ್ಯೋದ್ಯಾನ ಹೇಗಾದೀತು ಎಂದು ಕೇಳುವವರಿದ್ದಾರೆ. ಪಾರ್ಕಿಗೂ ಸಸ್ಯೋದ್ಯಾನಕ್ಕೂ ಇರುವ ವ್ಯತ್ಯಾಸ ಗಿಡಗಳ ಸಂಖ್ಯೆಯಲ್ಲಿಲ್ಲ, ದಾಖಲೆಯಲ್ಲಿದೆ: ಪ್ರತಿ ಗಿಡ ಯಾವ ಕಾಡಿನಿಂದ, ಯಾವಾಗ, ಯಾರ ಮೂಲಕ ಬಂತು, ಹೇಗೆ ಬೆಳೆಯಿತು ಎಂಬ ಬರಹ. ಸಿಂಗಪುರ ಈ ಕೆಲಸವನ್ನು ಹಂಚಿಕೊಂಡಿದೆ. ಹಳೆಯ ತೋಟದ ಸಸ್ಯಾಗಾರದಲ್ಲಿ ಸುಮಾರು ಏಳೂವರೆ ಲಕ್ಷ ಒಣ ಮಾದರಿಗಳಿವೆ, ಸಂಶೋಧಕರಿದ್ದಾರೆ. ಹೊಸ ತೋಟ ಜನರನ್ನು ಸೆಳೆಯುತ್ತದೆ. ಎರಡೂ ಇರುವ ಊರಿಗೆ ಈ ಹಂಚಿಕೆ ಸಾಗುತ್ತದೆ. ಮೊದಲನೆಯದೇ ಇಲ್ಲದ ಊರು ಎರಡನೆಯದನ್ನು ಮಾತ್ರ ಕಟ್ಟಿ ಅದಕ್ಕೆ ಸಸ್ಯೋದ್ಯಾನವೆಂದು ಹೆಸರಿಡಬಾರದು. ಬಾಗಿಲಿನ ಮಾತೂ ಇದಕ್ಕೆ ಸೇರಿದ್ದು. ಹಳೆಯ ತೋಟ ಬೆಳಗಿನ ಐದರಿಂದ ನಡುರಾತ್ರಿಯವರೆಗೆ ಎಲ್ಲರಿಗೂ ಉಚಿತ, ಆರ್ಕಿಡ್ ತೋಟಕ್ಕಷ್ಟೇ ಟಿಕೆಟ್ಟು. ಬೇ ಸೌತಿನಲ್ಲೂ ಹೊರಗಿನ ತೋಟ ಉಚಿತ; ಗಾಜಿನ ಮನೆಗಳಿಗೆ, ಸೂಪರ್‌ಟ್ರೀಗಳ ನಡುವಿನ ಮೇಲ್ಸೇತುವೆಗೆ ದುಡ್ಡು. ತಂಪು ಮಾಡಿದ ಗಾಳಿಗೆ ಬೆಲೆ ಕೇಳುವುದು ಸರಿ. ಮರದ ನೆರಳಿಗೆ ಕೇಳಬಾರದು.

ಸುಮಾರು ನೂರು ಕೋಟಿ ಸಿಂಗಪುರ ಡಾಲರ್ ಸುರಿದ ತೋಟದಿಂದ ನಮ್ಮ ಊರುಗಳು ಕಲಿಯುವುದೇನಿದೆ ಎಂಬುದು ಕೊನೆಯ ಆಕ್ಷೇಪ. ಹಣದ ಬಹುಭಾಗ ಹೋದದ್ದು ಗಾಜಿಗೆ, ಉಕ್ಕಿಗೆ, ಯಂತ್ರಕ್ಕೆ. ನಾನು ಇಲ್ಲಿ ಮೆಚ್ಚಿದ ಸಂಗತಿಗಳು, ಅಂದರೆ ಮೊದಲೇ ಪ್ರಯೋಗ ಮಾಡಿ ನೋಡುವುದು, ನೀರನ್ನು ಗಿಡದಿಂದ ಸೋಸುವುದು, ಸವರಿದ ಕೊಂಬೆಯನ್ನು ಕಸದ ಗುಂಡಿಗೆ ಎಸೆಯದಿರುವುದು, ಬಾಗಿಲು ತೆರೆದಿಡುವುದು, ಇವು ಯಾವುವೂ ಅಷ್ಟು ದುಬಾರಿಯಲ್ಲ. ಕಾಲವನ್ನು ಲೆಕ್ಕಕ್ಕೆ ತೆಗೆದುಕೊಂಡು ಅಗ್ಗವಾಗಿ ಯೋಜಿಸಿದ ದೊಡ್ಡ ಉದಾಹರಣೆ ನಮ್ಮಲ್ಲೇ ಇದೆ. ಜರ್ಮನಿಯಿಂದ ಕ್ಯೂ ತೋಟಕ್ಕೆ, ಅಲ್ಲಿಂದ ಬರೋಡಕ್ಕೆ, ಆಮೇಲೆ ಮೈಸೂರು ಸಂಸ್ಥಾನಕ್ಕೆ ಬಂದ ತೋಟಗಾರಿಕೆ ತಜ್ಞ ಜಿ.ಎಚ್. ಕೃಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಮರಗಳನ್ನು ಆಯ್ದರು. ಅವರು ನೆಟ್ಟದ್ದು ಸಸಿಗಳನ್ನು. ಉದ್ಘಾಟನೆಯ ದಿನ ನೋಡಲು ಏನೂ ಇರಲಿಲ್ಲ. ಇಂದಿಗೂ ಬೇಸಿಗೆಯ ಬೆಂಗಳೂರಿನಲ್ಲಿ ತಿಂಗಳಿಗೊಂದು ಬಣ್ಣ ಮೇಲೇಳುತ್ತಿದ್ದರೆ ಅದರಲ್ಲಿ ಆ ಯೋಜನೆಯ ಪಾಲು ದೊಡ್ಡದು. ಐದು ವರ್ಷದ ಅವಧಿಯ ಆಡಳಿತ ಇಷ್ಟು ಕಾಯುವುದಿಲ್ಲ ಎನ್ನುವವರಿಗೆ ಉತ್ತರ ಸಿಂಗಪುರದ ಕ್ರಮದಲ್ಲೇ ಇದೆ: ಬೇಗ ಕಾಣುವ ಒಂದೆರಡನ್ನು ಮಾಡಿ, ಅದರ ಮರೆಯಲ್ಲಿ ತಡವಾಗಿ ಬೆಳೆಯುವುದನ್ನು ಕಾಪಾಡಿ.

ಈ ಕ್ರಮವನ್ನು ಬೇ ಸೌತ್ ತನ್ನ ಹೃದಯಭಾಗದಲ್ಲೇ ಮರೆತಿದೆ. 12 ಸೂಪರ್‌ಟ್ರೀಗಳು ಒಟ್ಟಾಗಿ ನಿಂತಿರುವ ಬಯಲಿನಲ್ಲಿ ಪ್ರತಿ ಸಂಜೆ ಬೆಳಕು, ಸಂಗೀತದ ಪ್ರದರ್ಶನ ನಡೆಯುತ್ತದೆ. ಸಾವಿರಾರು ಜನ ನೆಲದ ಮೇಲೆ ಮಲಗಿ ಮೇಲೆ ನೋಡುತ್ತಾರೆ. ಅವರ ನೋಟಕ್ಕೆ ಅಡ್ಡ ಬರದಿರಲೆಂದು ಕಂಬಗಳ ನಡುವೆ ಎತ್ತರದ ಮರಗಳಿಗೆ ಜಾಗ ಬಿಟ್ಟಿಲ್ಲ. ಮಿಕ್ಕೆಲ್ಲ ಕಡೆ ಮರ ಬರುವವರೆಗೆ ಜಾಗ ಕಾಯುವ ಉಕ್ಕು, ಇಲ್ಲಿ ಮರದ ಜಾಗವನ್ನೇ ಹಿಡಿದು ಕೂತಿದೆ. ನೂರು ವರ್ಷ ಕಳೆದರೂ ಅಲ್ಲಿ ನಡುಹಗಲು ಇಷ್ಟೇ ಸುಡುತ್ತದೆ. ಉಕ್ಕಿಗೆ ಬಣ್ಣ ಬಳಿಯುತ್ತಲೇ ಇರಬೇಕು, ಹಲಗೆಗಳ ಗಿಡ ಬದಲಿಸುತ್ತಲೇ ಇರಬೇಕು, ಕಂಬ ಒಂದಂಗುಲವೂ ಬೆಳೆಯುವುದಿಲ್ಲ. ಇದನ್ನು ಈಗಲೂ ಸರಿಪಡಿಸಬಹುದು. ಪ್ರದರ್ಶನಕ್ಕೆ ಅರ್ಧ ಬಯಲು ಸಾಕು. ಉಳಿದರ್ಧದ ಹಾಸುಗಲ್ಲು ಎಬ್ಬಿಸಿ, ಬೇರಿಗೆ ಬೇಕಾದಷ್ಟು ಆಳಕ್ಕೆ ಮಣ್ಣು ತುಂಬಿ, ಟ್ಯಾಂಗ್ಲಿನ್‌ನ ಆ ತೆಂಬುಸುವಿನ ಬೀಜದಿಂದ ಬೆಳೆಸಿದ ಸಸಿಗಳನ್ನು ಎರಡು ಕಂಬಕ್ಕೊಂದರಂತೆ ನೆಡಲಿ. ಕೆಳಗಿನ ಕೊಂಬೆಗಳನ್ನು ಸವರದೆ ಹಾಗೇ ಚಾಚಲು ಬಿಡಲಿ.